ತಾಲೀಮು

ದಸರೆಗೆ ಮುಂಚೆ ನಾವು ಆನೆಗಳಿಗೆ ಸದ್ದು ಕಲಿಸುತ್ತೇವೆ.
ಅರಮನೆ ಪಕ್ಕದ ಬಯಲಲ್ಲಿ ಸಾಲಾಗಿ ಏಳು ತೋಪು.
ನನ್ನದು ಒದ್ದೆ ಬಟ್ಟೆ ಸುತ್ತಿದ ಗಳ;
ಸಿಡಿದ ಮೇಲೆ ನಳಿಗೆಯೊಳಗೆ ತೂರಿಸಿ
ಕಿಡಿ ಉಳಿದಿದೆಯೇ ಎಂದು ತಡವಿ ತೆಗೆಯುವ ಕೆಲಸ.

ಮೊದಲ ದಿನ, ಕ್ಯಾಂಪಿನಿಂದ ಹೊಸದಾಗಿ ಬಂದದ್ದು
ಮಾವುತನನ್ನು ಹೊತ್ತುಕೊಂಡೇ ಹಿಂದಕ್ಕೆ ತಿರುಗಿತು.
ಕಾಲಿಗೆ ಸರಪಳಿ ಬಿತ್ತು, ಬಾಯಿಗೆ ಬೆಲ್ಲ ಭತ್ತದ ಕುಸುರೆ.
ಎರಡನೆಯ ಸಲ ಕಿವಿ ಅಗಲಿಸಿ ನಿಂತಿತು.
ಮೂರನೆಯ ತಾಲೀಮಿಗೆ
ಲದ್ದಿ ಹಾಕುತ್ತ, ಸುಮ್ಮನೆ.
ಸಾಹೇಬರು ಪುಸ್ತಕದಲ್ಲಿ ಬರೆದುಕೊಂಡರು:
ಬೆದರಲಿಲ್ಲ.

ಬೆದರಲಿಲ್ಲವೋ,
ಬೆದರಿ ಪ್ರಯೋಜನವಿಲ್ಲವೆಂದು ಕಲಿಯಿತೋ,
ಆ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.

ಜೀರಿಗೆಗೆ ಯಾರೂ ತಾಲೀಮು ಕೊಟ್ಟಿಲ್ಲ.
ಜಲಪುರಿ ಕ್ವಾರ್ಟರ್ಸಿನ ಮೆಟ್ಟಿಲ ಕೆಳಗೆ ಹುಟ್ಟಿ
ನಮ್ಮ ಅನ್ನಕ್ಕೆ ಬಂದವಳು.
ಮೂತಿ ತುಂಬ ಜೀರಿಗೆ ಚೆಲ್ಲಿದ ಹಾಗೆ ಚುಕ್ಕೆ.
ತೋಪಿನ ದಿನಗಳಲ್ಲಿ ನನ್ನ ಬೂಟಿನ ಹತ್ತಿರ ಸುಳಿಯುವುದಿಲ್ಲ.
ಮಿಂದು, ಲುಂಗಿ ಉಟ್ಟು, ಕೈಗೆ ಸೀಗೆಪುಡಿ ಉಜ್ಜಿ ಕರೆದರೂ
ಬೆರಳು ಮೂಸಿ, ಮುಖ ನೋಡಿ,
ಇವನು ಅವನೇ ಹೌದೋ ಎಂಬಂತೆ
ಚಿಕ್ಕತಾಯಿಯ ಸೆರಗಿನ ಕಡೆಗೆ ಸರಿಯುತ್ತಾಳೆ.

ಹಬ್ಬಕ್ಕೆ ನಾಲ್ಕು ದಿನವಿರುವಾಗ
ಲೂರ್ದ್ ಮೇರಿ ಟೀಚರ್ ಅರ್ಜಿ ಹಿಡಿದು ಬಂದರು:
ಪಟಾಕಿ ನಿಷೇಧಿಸಬೇಕು, ನಮ್ಮ ವಾರ್ಡಿನಲ್ಲಾದರೂ.
‘ಕ್ರಿಸ್‌ಮಸ್ಸಿಗೂ ಸೇರಿಸಿ ಬರೆದಿದೀನಿ, ಓದ್ಕೊಳ್ಳಿ.’
ಅವರ ಬೆಕ್ಕು ಹೋದ ವರ್ಷ ಸಂಪಿಗೆ ಬಿದ್ದದ್ದು
ಇಡೀ ಬ್ಲಾಕಿಗೆ ಗೊತ್ತು.
ಪೆನ್ನು ತೆಗೆದುಕೊಂಡೆ. ಕೈಗೆರೆಗಳಲ್ಲಿ ಇನ್ನೂ ಮದ್ದಿನ ಕಪ್ಪು.
‘ಆಮೇಲೆ ಮಾಡ್ತೀನಿ ಮೇಡಂ.’
ಅವರೂ ನನ್ನ ಕೈಯನ್ನೇ ನೋಡಿ ಹೋದರು.

ಮೇಲಿನ ಮನೆಯ ಚೇತು ಮೆಟ್ಟಿಲ ಮೇಲೆ ಕೂತು
ತನ್ನ ಕುರುವೆ ಪಟಾಕಿ ಎಣಿಸುತ್ತಿದ್ದ, ಬಿಸಿಲಿಗೆ ಹರಡಿ.
‘ಅಂಕಲ್, ನೀವು ಹೊಡೆದ್ರೆ ಪೇಪರಲ್ಲಿ ಫೋಟೋ ಬರ್ತದೆ.
ನಾನು ಹೊಡೆದ್ರೆ ಮಾತ್ರ ಅರ್ಜೀನಾ?’
ನಾನು ಅವನ ಸೈಕಲ್ಲಿನ ಚೈನು ಹಾಕಿಕೊಟ್ಟೆ.

ಚತುರ್ದಶಿಯ ರಾತ್ರಿ ಕಿಟಕಿಗೆಲ್ಲ ಕಂಬಳಿ.
ಟೀವಿ ಜೋರು. ಸಾಲದ್ದಕ್ಕೆ
ಚಿಕ್ಕತಾಯಿ ಬರೀ ಮಿಕ್ಸಿ ಓಡಿಸುತ್ತಿದ್ದಳು, ಏನೂ ಹಾಕದೆ.
ಎಂಟೂವರೆಗೆ ಪಕ್ಕದವರು ಕಜ್ಜಾಯ ತಂದರು.
ಬಾಗಿಲು ಒಂದು ಗೇಣು ತೆರೆದದ್ದು,
ಅಷ್ಟೇ.

ಹುಡುಕಿದೆ. ಇಟ್ಟಿಗೆಗೂಡಿನ ಅಡ್ಡರಸ್ತೆ, ಮೋರಿ, ಮಾರುತಿ ವ್ಯಾನಿನ ಕೆಳಗೆ.
‘ಜೀರಿಗೆ, ಜೀರಿಗೆ’ ಎಂದು ಕೂಗಿದರೆ
ಶೆಟ್ಟರು ಮಹಡಿಯಿಂದ ಬಗ್ಗಿ,
‘ಅಂಗಡಿ ಮುಚ್ಚಿದೆ, ನಾಳಿದ್ದು ಬನ್ನಿ’ ಅಂದರು.
ಝೂ ಗೋಡೆಯುದ್ದಕ್ಕೂ ನಡೆದೆ.
ಆಕಾಶ ಚೂರುಚೂರು, ನೆತ್ತಿಯ ಮೇಲೆ ಹಸಿರು, ಕೆಂಪು.
ಗೋಡೆಯಾಚೆ ಒಂದು ಸೊಲ್ಲಿಲ್ಲ.
ಅಷ್ಟು ಜೀವಗಳು ಒಟ್ಟಿಗೆ ಉಸಿರು ಹಿಡಿದರೆ
ಕತ್ತಲು ಹೀಗೆ ದಪ್ಪವಾಗುತ್ತದೆ.

ಮೂರು ದಾಟಿತ್ತು, ಸಿಕ್ಕಿದಳು.
ರಸ್ತೆ ಕೆಲಸಕ್ಕೆ ತಂದಿಟ್ಟ ಸಿಮೆಂಟ್ ಪೈಪಿನ ನಡುವೆ,
ಎರಡು ಕಣ್ಣು, ನಡುಗುವ ಒಂದು ಗುಪ್ಪೆ.
ಬಿಸ್ಕತ್ತು ಚಾಚಿದೆ. ಇನ್ನೂ ಹಿಂದಕ್ಕೆ ಹೋದಳು.
ಕೈ ತೆಗೆದುಕೊಂಡು, ಪೈಪಿನ ಬಾಯಲ್ಲಿ ಮಲಗಿದೆ,
ಅವಳ ಕಡೆಗೆ ಬೆನ್ನು ಹಾಕಿ.

ನಾಲ್ಕಕ್ಕೆ, ದಿನದ ಹಾಗೆ,
ಗೋಡೆಯಾಚೆ ಸಿಂಹ ಕೆಮ್ಮಿತು. ಆಮೇಲೆ ಗರ್ಜಿಸಿತು,
ಹೊಟ್ಟೆಯಾಳದಿಂದ, ಪೈಪು ಗುಂಯ್‌ಗುಡುವಂತೆ.
ಜೀರಿಗೆ ಆಕಳಿಸಿದಳು.
ಬಂದು ನನ್ನ ಬೆನ್ನಿಗೆ ಒರಗಿ ಕೂತಳು.

ಅರ್ಜಿಗೆ ಸಹಿ ಹಾಕಿದ್ದೇನೆ, ನಲವತ್ತೊಂದನೆಯದು.
ಅಕ್ಷರ ಸೊಟ್ಟಗಿದೆ.
ಅದಕ್ಕೆ ಉತ್ತರ ಬಂದಿಲ್ಲ.
ಈ ವರ್ಷದ ತೋಪಿನ ಪಟ್ಟಿ ಬಂದಿದೆ:
ಸಿದ್ದರಾಜು, ಮೂರನೆಯ ತೋಪು, ಗಳ.